ಹನ್ನೊಂದರಿಂದ ಶುರುವಾಗುವ ಲೆಕ್ಕ: ಹಳೇ ಕಾಮಿಕ್ಸ್ ಕೂಡಿಡಲು ಹೊರಟವರಿಗೆ ಒಂದಿಷ್ಟು ಇತಿಹಾಸ

ಅಮರ ಚಿತ್ರ ಕಥೆಯ ಹಳೆಯ ಇಂಗ್ಲಿಷ್ ಪುಸ್ತಕಗಳು ಯಾರ ಮನೆಯಲ್ಲಾದರೂ ಇದ್ದರೆ ಅವುಗಳ ಸಂಖ್ಯೆಯನ್ನು ಒಮ್ಮೆ ನೋಡಿ. ‘ಕೃಷ್ಣ’ ಪುಸ್ತಕಕ್ಕೆ 11. ‘ಶಕುಂತಲಾ’ಗೆ 12. ಆಮೇಲೆ ಪಾಂಡವರು, ಸಾವಿತ್ರಿ, ರಾಮ, ನಳ ದಮಯಂತಿ ಹೀಗೆ ಸಾಲಾಗಿ ಬರುತ್ತಾರೆ.

ದೇಶದ ಮಕ್ಕಳಿಗೆ ಪುರಾಣ, ಚರಿತ್ರೆ ಎರಡನ್ನೂ ಚಿತ್ರದಲ್ಲಿ ತೋರಿಸಿದ ಮಾಲೆ ಇದು. ಅದರ ಪುರಾಣದ ಲೆಕ್ಕ ಒಂದರಿಂದ ಶುರುವಾಗದೆ ಹನ್ನೊಂದರಿಂದ ಏಕೆ ಶುರುವಾಯಿತು? ಮೊದಲ ಹತ್ತು ಎಲ್ಲಿ ಹೋದವು?

ಉತ್ತರ ಹುಡುಕಲು ಮುಂಬೈಗೆ ಹೋಗಬೇಕಿಲ್ಲ. ಅದು ನಮ್ಮ ಬೆಂಗಳೂರಿನಲ್ಲೇ ಇದೆ. ಸ್ವಲ್ಪ ಅದೃಷ್ಟ ಇದ್ದರೆ ನಿಮ್ಮೂರಿನ ಯಾವುದೋ ಅಟ್ಟದ ಮೇಲೂ ಇರಬಹುದು. ಹಳೆಯ ಕಾಮಿಕ್ಸ್ ಕೂಡಿಡುವ ಹವ್ಯಾಸದ ಬಗ್ಗೆ ಬರೆಯಬೇಕು ಅನ್ನಿಸಿದ್ದೇ ಈ ಕಾರಣಕ್ಕೆ.

ಬೆಂಗಳೂರಿನ ಹತ್ತು ಪುಸ್ತಕ

ಸಾಮಾನ್ಯವಾಗಿ ಎಲ್ಲೆಡೆ ಓದಲು ಸಿಗುವ ಕಥೆ ಹೀಗಿದೆ. ಅಮರ ಚಿತ್ರ ಕಥೆ 1967ರಲ್ಲಿ ಮುಂಬೈಯಲ್ಲಿ ಹುಟ್ಟಿತು. ಪ್ರಕಾಶಕರು ಇಂಡಿಯಾ ಬುಕ್ ಹೌಸ್. ಸಂಪಾದಕರು ಅನಂತ ಪೈ.

ಆದರೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿ ಕೆಲಸ ಮಾಡಿದ, ಕನ್ನಡ ಪುಸ್ತಕ ಲೋಕಕ್ಕೆ ಚೆನ್ನಾಗಿ ಗೊತ್ತಿರುವ ಜಿ.ಕೆ. ಅನಂತರಾಮ್ ಬೇರೆಯದನ್ನೇ ಹೇಳಿದ್ದಾರೆ. ಅವರ ಪ್ರಕಾರ ಮಾಲೆ ಹುಟ್ಟಿದ್ದು 1965ರಲ್ಲಿ, ಅದೂ ಕನ್ನಡದಲ್ಲಿ. ಮೊದಲ ಹತ್ತು ಪುಸ್ತಕ ಕನ್ನಡದಲ್ಲಿ ಬಂದವು, ಚೆನ್ನಾಗಿ ಮಾರಾಟವೂ ಆದವು. ಆ ಗೆಲುವನ್ನು ನೋಡಿಯೇ ಮುಂಬೈಯ ಮುಖ್ಯ ಕಚೇರಿ ಇಂಗ್ಲಿಷಿನಲ್ಲಿ ಮಾಡಲು ಮನಸ್ಸು ಮಾಡಿತು. ಇಂಗ್ಲಿಷ್ ಲೆಕ್ಕ ಹನ್ನೊಂದರಿಂದ ಶುರುವಾದದ್ದು ಅದಕ್ಕೇ.

ಆ ಹತ್ತರಲ್ಲಿ ರಾಮನೂ ಇರಲಿಲ್ಲ, ಕೃಷ್ಣನೂ ಇರಲಿಲ್ಲ. ಇದ್ದದ್ದು ಹೊರದೇಶದ ಮಕ್ಕಳ ಕಥೆಗಳು. ಸಿಂಡ್ರೆಲಾ, ಪಿನೋಕಿಯೋ, ಕೆಂಪು ಟೋಪಿಯ ಹುಡುಗಿ, ಅವರೆ ಬಳ್ಳಿ ಹತ್ತಿ ರಾಕ್ಷಸನ ಮನೆಗೆ ಹೋದ ಜ್ಯಾಕ್, ಇಂಥವು. ಮುಂದೆ ಮಾಲೆಯ ಹೆಸರು ಪುರಾಣ ಮತ್ತು ಚರಿತ್ರೆಗೇ ಅಂಟಿಕೊಂಡಾಗ ಈ ಹತ್ತು ಪುಸ್ತಕ ಯಾರಿಗೂ ಬೇಡವಾದವು.

ಇಲ್ಲಿ ಒಂದು ವಿಷಯ ಗಮನಿಸಿ. ಮುಂಬೈಯ ಕಥೆಗೆ ಸಾಕ್ಷಿ ಬೇಕಾದಷ್ಟಿದೆ. ಇಂಗ್ಲಿಷ್ ಪ್ರತಿಗಳನ್ನು ಜನ ಇಟ್ಟುಕೊಂಡಿದ್ದಾರೆ, ಅವುಗಳ ಮೇಲೆ ಸಂಶೋಧನೆ ನಡೆದಿದೆ, ಪುಸ್ತಕಗಳೂ ಬಂದಿವೆ. ಬೆಂಗಳೂರಿನ ಕಥೆ ಉಳಿದಿರುವುದು ಹೆಚ್ಚಾಗಿ ಬಾಯಿಮಾತಿನಲ್ಲಿ. ಬಾಯಿಮಾತನ್ನು ಗಟ್ಟಿ ಇತಿಹಾಸ ಮಾಡುವುದು ಕಾಗದ. ಆ ಕಾಗದವನ್ನು ನಾವು ಕೆಜಿ ಲೆಕ್ಕದಲ್ಲಿ ಹಾಕಿಬಿಟ್ಟೆವು.

ಕಾರ್ಕಳದ ಹುಡುಗ

ಮುಂಬೈಯ ಕಥೆಯಲ್ಲೂ ನಮ್ಮ ಪಾಲಿದೆ. ಅನಂತ ಪೈ ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡರು. ಹನ್ನೆರಡರ ವಯಸ್ಸಿಗೆ ಮುಂಬೈ ಸೇರಿದರು. ಓದಿದ್ದು ರಸಾಯನ ತಂತ್ರಜ್ಞಾನ, ಮನಸ್ಸು ಮಾತ್ರ ಮಕ್ಕಳ ಪುಸ್ತಕದ ಮೇಲೆ. 1954ರಲ್ಲಿ ‘ಮಾನವ’ ಎಂಬ ಮಕ್ಕಳ ಪತ್ರಿಕೆ ತಂದರು, ಅದು ನಿಲ್ಲಲಿಲ್ಲ.

ಆಮೇಲೆ ಅವರು ಸೇರಿದ್ದು ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗವನ್ನು. ಅಲ್ಲಿಂದ 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಕಾಮಿಕ್ಸ್ ಹೊರಬಂತು. ಮೊದಲ ಪುಸ್ತಕವೇ ಫ್ಯಾಂಟಮ್‌ನದು. ಅಮೆರಿಕದಲ್ಲಿ 1936ರಿಂದ ಪತ್ರಿಕೆಗಳಲ್ಲಿ ಬರುತ್ತಿದ್ದ ಈ ಮುಖವಾಡದ ವೀರ ನಮ್ಮ ಹುಡುಗರ ಕೈಗೆ ಪುಸ್ತಕವಾಗಿ ಸಿಕ್ಕಿದ್ದು ಹಾಗೆ. ಜಾದೂಗಾರ ಮ್ಯಾಂಡ್ರೇಕ್ ಆಮೇಲೆ ಬಂದ. 1976ರ ಡಿಸೆಂಬರ್‌ನಲ್ಲಿ ಆಬಿದ್ ಸುರತಿ ಬರೆದ ಬಹಾದ್ದೂರ್ ಬಂದ. ಇವನು ಕುರ್ತಾ, ಜೀನ್ಸ್ ತೊಟ್ಟು ಡಕಾಯಿತರ ಜೊತೆ ಹೊಡೆದಾಡುವ ಅಪ್ಪಟ ಭಾರತೀಯ. ಇಂದ್ರಜಾಲ ಇಂಗ್ಲಿಷ್, ಹಿಂದಿ ಮಾತ್ರವಲ್ಲ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂತು. 1990ರ ಏಪ್ರಿಲ್‌ನಲ್ಲಿ ನಿಂತಿತು.

1967ರಲ್ಲಿ ದೆಹಲಿಯಲ್ಲಿ ಕಂಡ ಒಂದು ಪ್ರಸಂಗವನ್ನು ಪೈ ಹಲವು ಕಡೆ ಹೇಳಿಕೊಂಡಿದ್ದಾರೆ. ದೂರದರ್ಶನದ ಕ್ವಿಜ್ ಕಾರ್ಯಕ್ರಮ. ಗ್ರೀಕ್ ದೇವರ ಬಗ್ಗೆ ಕೇಳಿದರೆ ಹುಡುಗರು ಥಟ್ಟನೆ ಹೇಳಿದರು. ರಾಮನ ತಾಯಿ ಯಾರು ಎಂದರೆ ಉತ್ತರವಿಲ್ಲ. ಇದನ್ನು ಸರಿಮಾಡಬೇಕೆಂದು ಪುರಾಣದ ಕಾಮಿಕ್ಸ್‌ಗೆ ಕೈಹಾಕಿದೆ ಎನ್ನುವುದು ಅವರ ಮಾತು.

ರಾಮ್ ವಾಯಿರ್ಕರ್ ಚಿತ್ರ ಬರೆದ ‘ಕೃಷ್ಣ’ ಬಂತು. ಕಮಲಾ ಚಂದ್ರಕಾಂತ್ ಅವರಂಥ ಬರಹಗಾರರು, ಪ್ರತಾಪ್ ಮುಳೀಕ್ ಅವರಂಥ ಕಲಾವಿದರು ಕೂಡಿಕೊಂಡರು. ಮಾಲೆ ಬೆಳೆದು ನಾನೂರಕ್ಕೂ ಹೆಚ್ಚು ಪುಸ್ತಕವಾಯಿತು. 1980ರಲ್ಲಿ ‘ಟಿಂಕಲ್’ ಬಂತು. ಸುಪ್ಪಂಡಿ, ಶಿಕಾರಿ ಶಂಭು ಹುಟ್ಟಿದ್ದು ಅಲ್ಲಿಯೇ. ಮಕ್ಕಳು ‘ಅಂಕಲ್ ಪೈ’ ಎಂದು ಕರೆಯುತ್ತಿದ್ದ ಅನಂತ ಪೈ 2011ರ ಫೆಬ್ರವರಿಯಲ್ಲಿ ತೀರಿಕೊಂಡರು.

ಒಂದು ಕಡೆ ಬೆಂಗಳೂರಿನ ಹತ್ತು ಕನ್ನಡ ಪುಸ್ತಕ, ಇನ್ನೊಂದು ಕಡೆ ಕಾರ್ಕಳದಿಂದ ಹೋದ ಸಂಪಾದಕ. ಭಾರತದ ಕಾಮಿಕ್ಸ್ ಚರಿತ್ರೆಯ ಎರಡು ಎಳೆ ನಮ್ಮ ನಾಡಿನವು. ಆದರೂ ಹಳೇ ಕಾಮಿಕ್ಸ್ ಅಂದ ಕೂಡಲೇ ಅದು ಬೆಂಗಳೂರು, ಮುಂಬೈ ಹುಡುಗರ ಇಂಗ್ಲಿಷ್ ಹವ್ಯಾಸ ಅಂದುಕೊಂಡು ನಾವು ದೂರ ನಿಲ್ಲುತ್ತೇವೆ.

ಎಸೆದದ್ದಕ್ಕೇ ಬೆಲೆ

ಹಳೇ ಕಾಮಿಕ್ಸ್‌ಗೆ ಕೋಟಿಗಟ್ಟಲೆ ಬೆಲೆ ಬಂತು ಎಂಬ ಸುದ್ದಿ ಆಗಾಗ ಮೊಬೈಲಿಗೆ ಬರುತ್ತದೆ. ಅದು ನಡೆದದ್ದು ಅಮೆರಿಕದಲ್ಲಿ. ಹೇಗೆ ನಡೆಯಿತು ಎಂದು ತಿಳಿದರೆ ನಮ್ಮ ಹವ್ಯಾಸಕ್ಕೂ ಪಾಠ ಸಿಗುತ್ತದೆ.

1938ರಲ್ಲಿ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ ಬಂತು. ಬೆಲೆ 10 ಸೆಂಟ್. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು ಅದರಲ್ಲಿ. ಎರಡು ಲಕ್ಷದಷ್ಟು ಪ್ರತಿ ಅಚ್ಚಾಗಿತ್ತು ಎನ್ನುತ್ತಾರೆ. ಇಂದು ಉಳಿದಿರುವುದು ನೂರರ ಆಸುಪಾಸು ಎಂದು ಅಂದಾಜು. ಅಂಥ ಒಂದು ಪ್ರತಿ 2014ರಲ್ಲಿ 32 ಲಕ್ಷ ಡಾಲರಿಗೆ, ಇನ್ನೊಂದು 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು.

ಉಳಿದವು ಏನಾದವು? ಮಕ್ಕಳು ಓದಿ ಹರಿದರು. ಎರಡನೇ ಮಹಾಯುದ್ಧ ಬಂತು, ಕಾಗದಕ್ಕೆ ಬರ ಬಂತು. ಮನೆಮನೆಯಿಂದ ಹಳೇ ಕಾಗದ ಕೂಡಿಸಿ ಯುದ್ಧದ ಕೆಲಸಕ್ಕೆ ಕೊಡುವ ಅಭಿಯಾನ ನಡೆಯಿತು. ಅದರಲ್ಲಿ ರಾಶಿ ರಾಶಿ ಕಾಮಿಕ್ಸ್ ಹೋದವು. ಯುದ್ಧ ಮುಗಿದ ಮೇಲೆ ಇನ್ನೊಂದು ಗಾಳಿ ಎದ್ದಿತು. ಕಾಮಿಕ್ಸ್ ಓದಿದರೆ ಮಕ್ಕಳು ಕೆಡುತ್ತಾರೆ ಎಂದು ಕೆಲವು ಊರುಗಳಲ್ಲಿ ಗುಡ್ಡೆ ಹಾಕಿ ಸುಟ್ಟರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಇದೇ ವಿಷಯಕ್ಕೆ ಪುಸ್ತಕ ಬರೆದರು. ಅದೇ ವರ್ಷ ಪ್ರಕಾಶಕರು ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು.

ಹೀಗೆ ಎಲ್ಲರೂ ಎಸೆದಾಗ ಯಾರೋ ಒಬ್ಬಿಬ್ಬರು ಇಟ್ಟುಕೊಂಡಿದ್ದರು. ಕೊಲೊರಾಡೋದಲ್ಲಿ ಎಡ್ಗರ್ ಚರ್ಚ್ ಎಂಬ ಜಾಹೀರಾತು ಕಲಾವಿದ ಇದ್ದ. ಚಿತ್ರ ನೋಡಿ ಬರೆಯಲು ಬೇಕಾಗುತ್ತದೆ ಎಂದು ಕಾಮಿಕ್ಸ್ ಕೊಂಡು ಮನೆಯಲ್ಲಿ ಅಟ್ಟಿ ಹಾಕಿದ್ದ. 1977ರಲ್ಲಿ ಚಕ್ ರೋಜಾನ್ಸ್ಕಿ ಎಂಬ ಯುವ ವ್ಯಾಪಾರಿ ಅದನ್ನು ಕೊಂಡಾಗ 18 ಸಾವಿರಕ್ಕೂ ಹೆಚ್ಚು ಪುಸ್ತಕ ಇದ್ದವು. ಹೊಸದರಂತೆ ಇದ್ದವು. ಕಾರಣ ಸರಳ. ಅಲ್ಲಿನ ಗಾಳಿ ಒಣ, ಹವೆ ತಂಪು, ಕೋಣೆಯಲ್ಲಿ ಬಿಸಿಲಿಲ್ಲ, ಪುಸ್ತಕಗಳನ್ನು ಒಂದರ ಮೇಲೊಂದು ಸಪಾಟಾಗಿ ಇಟ್ಟಿದ್ದರು.

ಈಗ ಇದರ ಉಲ್ಟಾ ಕಥೆ. ಈ ಬೆಲೆಗಳನ್ನು ಕೇಳಿದ ಜನ 1990ರ ಸುಮಾರಿಗೆ ಹೊಸ ಕಾಮಿಕ್ಸನ್ನೇ ಹೂಡಿಕೆ ಎಂದು ಕೊಳ್ಳತೊಡಗಿದರು. 1991ರಲ್ಲಿ ‘ಎಕ್ಸ್-ಮೆನ್’ ಹೊಸ ಮಾಲೆಯ ಮೊದಲ ಸಂಚಿಕೆ 80 ಲಕ್ಷ ಪ್ರತಿ ಹೋಯಿತು. ಒಬ್ಬೊಬ್ಬರು ಐದೈದು ಕೊಂಡು, ಓದದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರು. 1992ರಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆಗೂ ಹೀಗೇ ಸಾಲು ನಿಂತರು. ಆಮೇಲೆ ಮಾರಲು ಹೋದರೆ ಕೊಳ್ಳುವವರಿಲ್ಲ. ಎಲ್ಲರ ಮನೆಯಲ್ಲೂ ಇದ್ದದ್ದು ಯಾರಿಗೆ ಬೇಕು? ಮಾರುಕಟ್ಟೆ ಬಿತ್ತು, ಅಂಗಡಿಗಳು ಬಾಗಿಲು ಹಾಕಿದವು. ಆ ಹೊಡೆತವೂ ಸೇರಿ 1996ರಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಎರಡೂ ಕಥೆ ಸೇರಿಸಿ ನೋಡಿ. ಎಲ್ಲರೂ ಎಸೆದದ್ದು ಅಪರೂಪವಾಯಿತು. ಎಲ್ಲರೂ ಇಟ್ಟದ್ದು ರದ್ದಿಯಾಯಿತು. ಹಾಗಾದರೆ ನಮ್ಮಲ್ಲಿ ಎಲ್ಲರೂ ಎಸೆದದ್ದು ಯಾವುದು? ಕನ್ನಡದ ಪ್ರತಿಗಳು.

ಕನ್ನಡದವೇ ಏಕೆ ಉಳಿಯಲಿಲ್ಲ

ಇಂಗ್ಲಿಷ್ ಕಾಮಿಕ್ಸ್ ಕೊಂಡ ಮನೆಗಳಲ್ಲಿ ಹೆಚ್ಚಿನವು ಪೇಟೆಯ ಅನುಕೂಲಸ್ಥರ ಮನೆಗಳು. ಅಲ್ಲಿ ಕಪಾಟು ಇತ್ತು. ಹತ್ತು ಪುಸ್ತಕ ಸೇರಿಸಿ ಬೈಂಡ್ ಮಾಡಿಸುವ ರೂಢಿ ಇತ್ತು. ಕನ್ನಡದ ಪ್ರತಿ ಒಂದು ಮನೆಗೆ ಬಂದರೆ ಇಡೀ ಬೀದಿ ಓದುತ್ತಿತ್ತು. ಶಾಲೆಯ ಬಹುಮಾನವಾಗಿ ಬಂದದ್ದು ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ಮಾವನ ಮನೆಗೆ ಹೋಗುತ್ತಿತ್ತು. ಬಾಡಿಗೆ ಲೈಬ್ರರಿಯ ಪ್ರತಿ ನೂರಾರು ಕೈ ದಾಟುತ್ತಿತ್ತು. ಮುಖಪುಟ ಮೊದಲು ಕಿತ್ತುಬರುತ್ತಿತ್ತು, ಆಮೇಲೆ ನಡುವಿನ ಹಾಳೆ. ಉಳಿದದ್ದು ಒಲೆಯ ಪಾಲೋ, ಕಡಲೆ ಪೊಟ್ಟಣದ ಪಾಲೋ ಆಗುತ್ತಿತ್ತು.

ಹೆಚ್ಚು ಓದಿದ್ದಕ್ಕೇ ಅವು ಉಳಿಯಲಿಲ್ಲ. ಇದು ಬೇಸರದ ಮಾತೂ ಹೌದು, ಹೆಮ್ಮೆಯ ಮಾತೂ ಹೌದು.

ಇನ್ನೊಂದು ಕಾರಣವಿದೆ. ಹಲವು ಭಾಷೆಗಳಲ್ಲಿ ಬರುವ ಬಣ್ಣದ ಕಾಮಿಕ್ಸ್‌ನಲ್ಲಿ ಬಣ್ಣದ ಪ್ಲೇಟುಗಳು ಎಲ್ಲ ಭಾಷೆಗೂ ಅವೇ ಇರುತ್ತವೆ. ಅಕ್ಷರ ಇರುವ ಕಪ್ಪು ಪ್ಲೇಟು ಮಾತ್ರ ಬದಲಾಗುತ್ತದೆ. ಹಾಗಾಗಿ ‘ಚಿತ್ರ ಅದೇ ತಾನೇ’ ಎಂದು ಕನ್ನಡದ್ದನ್ನು ಬರೀ ನಕಲಿನಂತೆ ನೋಡಿದವರೇ ಹೆಚ್ಚು. ಆದರೆ ಆ ಕಪ್ಪು ಪ್ಲೇಟಿನಲ್ಲೇ ನಮ್ಮ ಭಾಷೆಯ ಚರಿತ್ರೆ ಇರುವುದು. ಇಂಗ್ಲಿಷಿಗೆಂದು ಅಳತೆ ಮಾಡಿದ ಮಾತಿನ ಗುಳ್ಳೆಯೊಳಗೆ ಉದ್ದನೆಯ ಕನ್ನಡ ಪದ ತುರುಕಬೇಕು. ಗದೆ ಬಿದ್ದ ಸದ್ದಿಗೆ, ಕುದುರೆ ಓಡಿದ ಸದ್ದಿಗೆ ಕನ್ನಡದಲ್ಲಿ ಅಕ್ಷರ ಹುಡುಕಬೇಕು. ರಾಜ ಸೇವಕನಿಗೆ ಏಕವಚನ ಬಳಸಬೇಕೋ ಬಹುವಚನವೋ ತೀರ್ಮಾನಿಸಬೇಕು. ಇಂಗ್ಲಿಷಿನಲ್ಲಿ ಆ ತಲೆನೋವೇ ಇಲ್ಲ. ಇಂಥ ಕೆಲಸ ಮಾಡಿದ ಅನುವಾದಕರು ಏನೇನು ದಾರಿ ಹುಡುಕಿದರು ಎಂದು ತಿಳಿಯಲು ಹಳೆಯ ಕನ್ನಡ ಪ್ರತಿಯೊಂದೇ ದಾಖಲೆ.

ಎಲ್ಲಿಂದ ಶುರು ಮಾಡುವುದು

ಮೊದಲು ಒಂದು ವಿಷಯವನ್ನು ಗಟ್ಟಿ ಹಿಡಿಯಿರಿ. ಸಿಕ್ಕಿದ್ದೆಲ್ಲ ಕೊಂಡರೆ ಮನೆಯೇ ಗುಜರಿ ಅಂಗಡಿಯಾಗುತ್ತದೆ. ಕನ್ನಡದ ಅಮರ ಚಿತ್ರ ಕಥೆ ಮಾತ್ರ, ಅಥವಾ ಇಂದ್ರಜಾಲ ಮಾತ್ರ, ಅಥವಾ ಪುರಂದರದಾಸರಂಥ ನಮ್ಮ ನಾಡಿನವರ ಮೇಲೆ ಬಂದ ಪುಸ್ತಕ ಮಾತ್ರ ಎಂದು ಇಟ್ಟುಕೊಳ್ಳಬಹುದು. ಮಕ್ಕಳ ಪತ್ರಿಕೆಯ ಕಡೆಗೂ ಹೋಗಬಹುದು. ಬಾಲಮಂಗಳದ ಡಿಂಗ ಎಂದರೆ ಈಗಲೂ ಮುಖ ಅರಳುವವರು ನನ್ನ ವಯಸ್ಸಿನವರಲ್ಲಿ ಬಹಳ ಜನ. ‘ಸುಧಾ’ ವಾರಪತ್ರಿಕೆಯ ಫ್ಯಾಂಟಮ್ ಪುಟ ಕತ್ತರಿಸಿ ಹೊಲಿದಿಟ್ಟ ಹಿರಿಯರೂ ಇದ್ದಾರೆ. ಆ ಹೊಲಿದ ಕಟ್ಟನ್ನು ಹರಿದ ಕಾಗದ ಎಂದು ಕಡೆಗಣಿಸಬೇಡಿ.

‘ಚಂದಮಾಮ’ ಕಾಮಿಕ್ಸ್ ಅಲ್ಲ, ಚಿತ್ರ ಇರುವ ಕಥಾಪತ್ರಿಕೆ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಆಮೇಲೆ ಕನ್ನಡಕ್ಕೂ ಬಂತು. ಅದರ ಮಹಾಭಾರತದ ಮುಖಪುಟಗಳಿಂದ ಹೆಸರಾದ ಎಂ.ಟಿ.ವಿ. ಆಚಾರ್ಯ ಕನ್ನಡ ನಾಡಿನ ಕಲಾವಿದರು. ಕಾಮಿಕ್ಸ್ ಹುಡುಕುವಾಗ ಇದು ಸಿಕ್ಕರೆ ಬಿಡಬೇಡಿ, ಬೇರೆ ಕಟ್ಟಿನಲ್ಲಿ ಇಡಿ.

ಹುಡುಕುವ ಜಾಗ ಹಲವು. ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳನ್ನು ನೋಡಬಹುದು. ಆದರೆ ಅಲ್ಲಿ ವ್ಯಾಪಾರಿಗೆ ಬೆಲೆ ಗೊತ್ತಿರುತ್ತದೆ. ನಮಗೆ ಅನುಕೂಲ ಇರುವುದು ನಮ್ಮ ಸುತ್ತಮುತ್ತಲೇ. ದೀಪಾವಳಿಗೆ, ಮದುವೆಗೆ ಸುಣ್ಣಬಣ್ಣ ಮಾಡುವಾಗ ಅಟ್ಟ ಖಾಲಿಯಾಗುತ್ತದೆ. ಹಳೇ ಮನೆ ಕೆಡವುವಾಗ, ಅಣ್ಣತಮ್ಮಂದಿರು ಪಾಲಾಗುವಾಗ ಟ್ರಂಕು ಹೊರಬರುತ್ತದೆ. ನಿವೃತ್ತ ಮೇಷ್ಟ್ರುಗಳ ಮನೆ, ಹಳೇ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿ ಇಟ್ಟಿದ್ದವರ ಮನೆ ಬಹಳ ಒಳ್ಳೆಯ ಜಾಗ.

ಹಳೇ ಪೇಪರ್ ಅಂಗಡಿಯವರ ಜೊತೆ ಮಾತು ಬೆಳೆಸಿಕೊಳ್ಳಿ. “ಅಣ್ಣಾ, ಚಿತ್ರ ಇರೋ ಮಕ್ಕಳ ಪುಸ್ತಕ ಬಂದ್ರೆ ಹರೀದೆ ಇಡಿ, ಕೆಜಿ ರೇಟಿಗಿಂತ ಜಾಸ್ತಿ ಕೊಡ್ತೀನಿ” ಅಂದರೆ ಸಾಕು. “ಅಯ್ಯೋ, ಮೊನ್ನೆ ತಾನೆ ಒಂದು ಮೂಟೆ ಲೋಡ್ ಆಯ್ತಲ್ಲ ಸರ್” ಅನ್ನುವ ಉತ್ತರ ಒಂದೆರಡು ಸಲ ಬರುತ್ತದೆ. ಮೂರನೇ ಸಲ ಅವರೇ ಫೋನ್ ಮಾಡುತ್ತಾರೆ.

ಶಾಲೆ ಅಥವಾ ಪಂಚಾಯಿತಿ ಗ್ರಂಥಾಲಯದ ಮೊಹರು ಇರುವ ಪುಸ್ತಕದ ವಿಷಯದಲ್ಲಿ ಮಾತ್ರ ಎಚ್ಚರ. ಅದು ಸಾರ್ವಜನಿಕ ಆಸ್ತಿ. ವಿಲೇವಾರಿ ಮಾಡಿದ್ದಕ್ಕೆ ಕಾಗದ ಇದ್ದರೆ ಮಾತ್ರ ತೆಗೆದುಕೊಳ್ಳಿ.

ವರ್ಷ ಪತ್ತೆ ಹಚ್ಚುವುದು

ಹಳೇ ಕಾಮಿಕ್ಸ್ ಹಲವುದರಲ್ಲಿ ಮುದ್ರಣದ ವರ್ಷವೇ ಇರುವುದಿಲ್ಲ. ಒಂದೇ ಪುಸ್ತಕ ಹತ್ತಾರು ಸಲ ಮರುಮುದ್ರಣ ಆಗಿರುತ್ತದೆ. ಆದರೆ ಪುಸ್ತಕವೇ ತನ್ನ ವಯಸ್ಸನ್ನು ಬಾಯಿಬಿಡುತ್ತದೆ. ಹುಡುಕುವ ಕಣ್ಣು ಬೇಕು ಅಷ್ಟೇ.

ಪ್ರಕಾಶಕರ ವಿಳಾಸ ನೋಡಿ. ಆರು ಅಂಕಿಯ ಪಿನ್‌ಕೋಡ್ ದೇಶದಲ್ಲಿ ಶುರುವಾದದ್ದು 1972ರ ಆಗಸ್ಟ್ 15ರಂದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಆ ಪ್ರತಿ ಅದಕ್ಕಿಂತ ಹಿಂದಿನದಲ್ಲ. ‘ಬೆಂಗಳೂರು-9’ ಎಂಬಂತೆ ಬರೀ ಒಂದೆರಡು ಅಂಕಿ ಇದ್ದರೆ ಹಳೆಯದಿರುವ ಸಾಧ್ಯತೆ ಹೆಚ್ಚು.

‘ಮೈಸೂರು ರಾಜ್ಯ’ ಎಂದಿದ್ದರೆ ಅದು 1973ರ ನವೆಂಬರ್ 1ಕ್ಕಿಂತ ಮೊದಲಿನ ಬರಹ. ಅಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಇಂಗ್ಲಿಷ್ ಪ್ರತಿಯಲ್ಲಿ ‘ಬಾಂಬೆ’ ಹೋಗಿ ‘ಮುಂಬೈ’ ಬಂದಿದ್ದರೆ ಅದು 1995ರ ಈಚಿನದು.

ಹಿಂಬದಿಯಲ್ಲಿ ಕಪ್ಪು ಗೆರೆಗಳ ಬಾರ್‌ಕೋಡ್ ಇದ್ದರೆ ಅದು ಬಹಳ ಹಳೆಯದಲ್ಲ. ಐಎಸ್‌ಬಿಎನ್ ಸಂಖ್ಯೆ 13 ಅಂಕಿ ಆದದ್ದು 2007ರಿಂದ. ಇ-ಮೇಲ್, ವೆಬ್‌ಸೈಟ್ ಇದ್ದರಂತೂ ಕೇಳುವುದೇ ಬೇಡ. ಅಮರ ಚಿತ್ರ ಕಥೆಯ ಈಚಿನ ಇಂಗ್ಲಿಷ್ ಮರುಮುದ್ರಣಗಳಿಗೆ 501ರಿಂದ ಹೊಸ ಸಂಖ್ಯೆ ಕೊಟ್ಟರು. ‘ಕೃಷ್ಣ’ದ ಮೇಲೆ 11ರ ಬದಲು 501 ಇದ್ದರೆ ಅದು ಮೊದಲ ಕಾಲದ್ದಲ್ಲ.

ಒಳಪುಟದ ಜಾಹೀರಾತು, ‘ಮುಂದಿನ ಪುಸ್ತಕ’ದ ಪಟ್ಟಿ, ಬೆಲೆ ಇವೆಲ್ಲ ಒಂದೊಂದು ಸುಳಿವು. ಪಟ್ಟಿಯಲ್ಲಿ ಕೊನೆಯ ಪುಸ್ತಕ ಯಾವುದೋ, ನಿಮ್ಮ ಪ್ರತಿ ಅದರ ಆಸುಪಾಸಿನದು. ಇನ್ನೊಂದು ತಮಾಷೆ ಕೇಳಿ. ಇಂದ್ರಜಾಲದ 123 ಮತ್ತು 124ನೇ ಸಂಖ್ಯೆಯ ಪುಸ್ತಕಗಳು ಅಚ್ಚೇ ಆಗಿಲ್ಲ. ಆಗ ಟೈಮ್ಸ್‌ನಲ್ಲಿ ಮುಷ್ಕರ ನಡೆದಿತ್ತು. ಚರಿತ್ರೆ ಗೊತ್ತಿಲ್ಲದೆ ಹೊರಟವರು ಇಲ್ಲದ ಪುಸ್ತಕಕ್ಕೆ ಊರೂರು ಅಲೆಯಬೇಕಾಗುತ್ತದೆ.

ಗೆದ್ದಲು, ಥಂಡಿ, ಟೇಪು

ಕಾಮಿಕ್ಸ್ ಅಚ್ಚಾದದ್ದು ಹೆಚ್ಚಾಗಿ ಅಗ್ಗದ ಕಾಗದದ ಮೇಲೆ. ಮರದ ತಿರುಳಿನ ಆ ಕಾಗದದಲ್ಲೇ ಆಮ್ಲ ಇರುತ್ತದೆ. ಬಿಸಿಲು, ಸೆಕೆ, ಥಂಡಿ ತಗುಲಿದರೆ ಬೇಗ ಹಳದಿಯಾಗಿ, ಹಪ್ಪಳದಂತೆ ಮುರಿಯುತ್ತದೆ. ಎಡ್ಗರ್ ಚರ್ಚ್‌ನ ಮನೆಯ ಹವೆ ನಮ್ಮಲ್ಲಿಲ್ಲ. ಕರಾವಳಿ, ಮಲೆನಾಡಿನಲ್ಲಿ ಬೂಷ್ಟು, ಬಯಲುಸೀಮೆಯಲ್ಲಿ ಧೂಳು, ಕಾವು, ಎಲ್ಲ ಕಡೆ ಗೆದ್ದಲು.

ದುಬಾರಿ ಸಾಮಾನು ಬೇಕಿಲ್ಲ. ಕಬ್ಬಿಣದ ಟ್ರಂಕು ಸಾಕು. ಅದನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಇಟ್ಟಿಗೆ ಅಥವಾ ಹಲಗೆಯ ಮೇಲಿಡಿ. ಪುಸ್ತಕಗಳನ್ನು ಸಪಾಟಾಗಿ ಇಡಿ, ಅಟ್ಟಿ ತುಂಬ ಎತ್ತರ ಬೇಡ. ಮಳೆಗಾಲ ಕಳೆದ ಮೇಲೆ ಒಮ್ಮೆ ಹೊರತೆಗೆದು ನೆರಳಿನಲ್ಲಿ ಗಾಳಿಗೆ ಹರಡಿ. ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣ ಎಸೆಯದೆ ಟ್ರಂಕಿನ ಮೂಲೆಗೆ ಹಾಕಿ. ಬೇವಿನ ಎಲೆ ಹಾಕುವುದಿದ್ದರೆ ಚೆನ್ನಾಗಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ಹಾಕಿ. ಹಾಳೆಗಳ ನಡುವೆ ಇಟ್ಟರೆ ಕಲೆಯಾಗುತ್ತದೆ.

ಮಾಡಲೇಬಾರದ್ದು ಮೂರು. ಹರಿದ ಹಾಳೆಗೆ ಸೆಲೋ ಟೇಪ್ ಹಚ್ಚಬೇಡಿ, ಕೆಲವೇ ವರ್ಷದಲ್ಲಿ ಅಂಟು ಕಂದು ಬಣ್ಣಕ್ಕೆ ತಿರುಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ಆಮೇಲೆ ಬಿಡಿಸಲಾಗದು. ಹೆಸರು, ನಂಬರ್ ಪೆನ್ನಿನಲ್ಲಿ ಬರೆಯಬೇಡಿ. ಆದರೆ ಹಿಂದಿನವರು ಬರೆದಿರುವುದನ್ನು ಅಳಿಸಲೂ ಬೇಡಿ. ‘ಐದನೇ ತರಗತಿ, ಪ್ರಬಂಧದಲ್ಲಿ ದ್ವಿತೀಯ’ ಎಂಬ ಒಂದು ಸಾಲು ಆ ಪುಸ್ತಕ ಯಾವ ಊರಿಗೆ, ಯಾವ ಮಗುವಿಗೆ, ಏಕೆ ತಲುಪಿತು ಎಂದು ಹೇಳುತ್ತದೆ. ಅಂಗಡಿಯವನಿಗೆ ಅದು ಗೀಚು. ನಮಗೆ ಅದು ದಾಖಲೆ.

ಜೊತೆಗೆ ಒಂದು ನೋಟ್‌ಬುಕ್ ಇಡಿ. ಹೆಸರು, ಸಂಖ್ಯೆ, ಬೆಲೆ, ವಿಳಾಸ, ಎಲ್ಲಿ ಸಿಕ್ಕಿತು, ಯಾರ ಮನೆಯದು, ಕೊಟ್ಟವರು ಏನು ಹೇಳಿದರು, ಎಲ್ಲ ಬರೆಯಿರಿ. ಪುಸ್ತಕದಷ್ಟೇ ಬೆಲೆ ಈ ಬರಹಕ್ಕೂ ಇದೆ.

ದುಡ್ಡಿನ ಮಾತು

ಅಮೆರಿಕದಲ್ಲಿ 1970ರಿಂದ ಹಳೇ ಕಾಮಿಕ್ಸ್‌ಗೆ ಬೆಲೆಪಟ್ಟಿಯ ಪುಸ್ತಕ ಬರುತ್ತಿದೆ. 2000ದಿಂದ ಪುಸ್ತಕದ ಸ್ಥಿತಿಗೆ ಹತ್ತರವರೆಗೆ ಅಂಕ ಕೊಟ್ಟು ಸೀಲ್ ಮಾಡುವ ಕಂಪನಿಯೂ ಇದೆ. ಕನ್ನಡ ಕಾಮಿಕ್ಸ್‌ಗೆ ಅಂಥ ಪಟ್ಟಿ ಇಲ್ಲ. ಆನ್‌ಲೈನಿನಲ್ಲಿ ಯಾರೋ ಹತ್ತು ಸಾವಿರ ಎಂದು ಹಾಕಿದರೆ ಅದು ಕೇಳಿದ ಬೆಲೆ, ಮಾರಾಟವಾದ ಬೆಲೆ ಅಲ್ಲ. ಸಾಲ ಮಾಡಿ ಕೊಳ್ಳಬೇಡಿ. ಶ್ರೀಮಂತರಾಗುತ್ತೇವೆ ಎಂದು ಈ ಹವ್ಯಾಸಕ್ಕೆ ಇಳಿಯಬೇಡಿ. ಹಾಗೆಯೇ ಅಜ್ಜಿಯೊಬ್ಬರು ಗೊತ್ತಿಲ್ಲದೆ ಒಂದು ಕಟ್ಟು ಕೊಟ್ಟರೆ, ಅದು ಏನು ಎಂದು ಅವರಿಗೆ ತಿಳಿಸಿಯೇ ತೆಗೆದುಕೊಳ್ಳಿ. ಊರಿನಲ್ಲಿ ನಾಳೆಯೂ ಮುಖ ನೋಡಬೇಕಲ್ಲ.

ಪೂರ್ತಿ ಪುಸ್ತಕವನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ವಾಟ್ಸಾಪ್ ಗುಂಪಿಗೆ ಹಂಚಬೇಡಿ. ಈ ಪುಸ್ತಕಗಳಲ್ಲಿ ಬಹುಪಾಲಿನ ಮೇಲೆ ಇನ್ನೂ ಹಕ್ಕುಸ್ವಾಮ್ಯ ಇದೆ. ಹುಡುಕಾಟಕ್ಕೆ ಮುಖಪುಟ, ಪ್ರಕಾಶಕರ ವಿವರ ಇರುವ ಪುಟದ ಫೋಟೋ ಸಾಕು.

ಇಡುವುದು ಬೇರೆ, ಒಪ್ಪುವುದು ಬೇರೆ

ಹಳೆಯದನ್ನು ಕೂಡಿಡುವವರು ಅದರಲ್ಲಿರುವುದನ್ನೆಲ್ಲ ಒಪ್ಪಬೇಕೆಂದಿಲ್ಲ. ಫ್ಯಾಂಟಮ್ ಕಥೆಯಲ್ಲಿ ಕಾಡಿನ ಕಪ್ಪು ಜನರೆಲ್ಲ ಒಬ್ಬ ಬಿಳಿಯನಿಗೆ ಕೈಮುಗಿಯುತ್ತಾರೆ. ಅಮರ ಚಿತ್ರ ಕಥೆಯಲ್ಲಿ ದೇವರು, ವೀರರು ಬೆಳ್ಳಗೆ, ರಾಕ್ಷಸರು ಕಪ್ಪಗೆ ಇರುವುದೇ ಹೆಚ್ಚು. ಹೆಣ್ಣೆಂದರೆ ಹೀಗಿರಬೇಕು, ಜಾತಿಯೆಂದರೆ ಹೀಗೆ ಎಂಬ ಪಾಠವೂ ಚಿತ್ರದ ಸಂದಿಯಲ್ಲಿ ಇಳಿದಿದೆ. ನಂದಿನಿ ಚಂದ್ರ, ಕಾರ್ಲಿನ್ ಮೆಕ್ಲೇನ್ ಅವರಂಥ ವಿದ್ವಾಂಸರು ಈ ಬಗ್ಗೆ ಪುಸ್ತಕಗಳನ್ನೇ ಬರೆದಿದ್ದಾರೆ.

ಇವುಗಳನ್ನು ಎಸೆದುಬಿಟ್ಟರೆ ಆ ಪಾಠ ಅಳಿಸಿಹೋಗುವುದಿಲ್ಲ, ಅದರ ಸಾಕ್ಷಿ ಮಾತ್ರ ಅಳಿಸುತ್ತದೆ. ನಮ್ಮ ಅಪ್ಪ, ಅಮ್ಮ ಚಿಕ್ಕಂದಿನಲ್ಲಿ ರಾಕ್ಷಸನಿಗೆ ಯಾವ ಬಣ್ಣ ಎಂದು ಎಲ್ಲಿ ಕಲಿತರು ಎಂದು ನಾಳಿನ ಮಕ್ಕಳು ಕೇಳಿದರೆ ತೋರಿಸಲು ಪುಟ ಇರಬೇಕು.

ತಕ್ಕಡಿಗೆ ಹಾಕುವ ಮುಂಚೆ

ರಾಜರ ಇತಿಹಾಸಕ್ಕೆ ಶಾಸನ ಇದೆ, ಕಾಯುವ ಇಲಾಖೆ ಇದೆ. ಹಳ್ಳಿಯ ಮಕ್ಕಳು ಏನು ಓದಿ ದೊಡ್ಡವರಾದರು ಎಂಬ ಇತಿಹಾಸಕ್ಕೆ ಇರುವುದು ಈ ಹರಿದ ಪುಸ್ತಕಗಳು ಮಾತ್ರ. ಅವನ್ನು ಕಾಯಲು ಯಾವ ಇಲಾಖೆಯೂ ಬರುವುದಿಲ್ಲ. ಒಬ್ಬರು ಹತ್ತು ಪುಸ್ತಕ ಇಟ್ಟರೂ ಸಾಕು. ಒಂದು ತಾಲ್ಲೂಕಿನಲ್ಲಿ ಇಪ್ಪತ್ತು ಜನ ಇಟ್ಟು, ತಮ್ಮ ಪಟ್ಟಿಯನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರೆ ಅದೇ ಒಂದು ಸಂಗ್ರಹಾಲಯ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವರ್ಷಕ್ಕೊಂದು ದಿನ ಮೇಜಿನ ಮೇಲೆ ಹರಡಿ ಮಕ್ಕಳಿಗೆ ತೋರಿಸಿದರೆ ಇನ್ನೂ ಚೆಂದ.

ಅಟ್ಟದಿಂದ ಇಳಿದ ಕಟ್ಟನ್ನು ತಕ್ಕಡಿಗೆ ಹಾಕುವ ಮುಂಚೆ ದಾರ ಬಿಚ್ಚಿ ನೋಡಿ. ಅದರಲ್ಲಿ ಕನ್ನಡ ಅಕ್ಷರದ ಒಂದು ಸಿಂಡ್ರೆಲಾ ಸಿಗಬಹುದು. ಮುಖಪುಟ ಇಲ್ಲದಿದ್ದರೂ, ಮೂಲೆಗಳನ್ನು ಇಲಿ ಕಡಿದಿದ್ದರೂ, ಅದರ ಮೇಲೆ ಹನ್ನೊಂದಕ್ಕಿಂತ ಚಿಕ್ಕ ಸಂಖ್ಯೆಯೊಂದು ಕಂಡರೆ, ವಿಳಾಸದಲ್ಲಿ ಪಿನ್‌ಕೋಡ್ ಇಲ್ಲದಿದ್ದರೆ, ಅದನ್ನು ಎತ್ತಿ ಪಕ್ಕಕ್ಕಿಡಿ. ಬಾಯಿಮಾತಿನಲ್ಲಿ ಉಳಿದಿರುವ ಬೆಂಗಳೂರಿನ ಕಥೆಗೆ ಬೇಕಿರುವ ಕಾಗದ ಅದೇ.